ಸಕ್ಕರೆ ಬೇಡದ ಬೋಗುಣಿ

ಒಣದ್ರಾಕ್ಷಿಯನ್ನು ಬೆರಳಲ್ಲಿ ಹಿಚುಕಿ, ಅದು ಎಷ್ಟು ಹಳೆಯದೆಂದು ಹೇಳಬಲ್ಲವಳು ಚಾರಿಕಾರ್ ಪಟ್ಟಣದ ಆ ಓಣಿಯಲ್ಲಿ ಶಾಹ್‌ಪರಿ ಒಬ್ಬಳೇ. ಮೂವತ್ತು ವರ್ಷ ದ್ರಾಕ್ಷಿ ಒಣಗಿಸುವ ಮಣ್ಣಿನ ಮನೆಯಲ್ಲಿ ಕೂತು ಹಣ್ಣು ಆರಿಸಿದ ಕೈ ಅದು. ಪ್ರತಿ ವರ್ಷ ಹೊಸವರ್ಷದ ಹಬ್ಬ ನೌರೋಜ್‌ಗೆ ಎರಡು ದಿನ ಮುಂಚೆ "ಬಿಸ್ಮಿಲ್ಲಾ" ಎಂದು ಏಳು ಬಗೆಯ ಒಣಹಣ್ಣು, ಬೀಜಗಳನ್ನು ನೀರಿಗೆ ಹಾಕುತ್ತಿದ್ದಳು. ಹಬ್ಬದ ದಿನ ಆ ಹಫ್ತ್ ಮೇವಾ ಕುಡಿಯಲು ಓಣಿಗೆ ಓಣಿಯೇ ಬರುತ್ತಿತ್ತು.

ಈ ಸಲ ಬೋಗುಣಿ ಮೊಮ್ಮಗಳು ಶಗೂಫಾಳ ಕೈಗೆ ಬಂದಿತ್ತು. ಅವಳ ಮದುವೆ ನಿಶ್ಚಯವಾದ ಮೇಲಿನ ಮೊದಲ ನೌರೋಜ್. ನಾಳೆ ಮಧ್ಯಾಹ್ನ ಹುಡುಗನ ಮನೆಯವರು ಪದ್ಧತಿಯಂತೆ ಮೀನು, ಜಿಲೇಬಿ ಹೊತ್ತು ಬರುತ್ತಾರೆ. ಹುಡುಗಿಯ ಕೈಗುಣವನ್ನು ಈ ಬೋಗುಣಿಯಲ್ಲೇ ನೋಡುತ್ತಾರೆ.

"ಬೀಬೀಜಾನ್, ಬಾ ಬೇಗ! ನಿನ್ನೆ ಬೆಳಗ್ಗೆ ಹಾಕಿದ್ದು, ಒಂದೂ ಉಬ್ಬಿಲ್ಲ!" ಶಗೂಫಾ ಅಜ್ಜಿಯನ್ನು ಕೂಗಿದಳು.

ಶಾಹ್‌ಪರಿ ಬಂದು ಬೋಗುಣಿಯೊಳಗೆ ಬಗ್ಗಿ ನೋಡಿದಳು. ದ್ರಾಕ್ಷಿಗಳು ಮುದುಕಿಯರ ಮುಖದಂತೆ ಸುಕ್ಕುಗಟ್ಟಿಯೇ ಇದ್ದವು. ಆರಿಸಿದವಳು ತಾನೇ. ಕೈ ಕೆಟ್ಟಿತೇ? ಬೆರಳದ್ದಿ ನೆಕ್ಕಿದಳು. ಬೆರಳು ತುಟಿಗೆ ಅಂಟಿತು.

"ಇದು ನೀರಾ, ಪಾಕಾನಾ? ಎಷ್ಟು ಸಕ್ಕರೆ ಸುರಿದೆ?"

"ಡಬ್ಬೀಲಿದ್ದಿದ್ದೆಲ್ಲಾ... ಅವರಮ್ಮಂಗೆ ಸಿಹಿ ಅಂದ್ರೆ ಪ್ರಾಣವಂತೆ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಹುಚ್ಚೀ! ಒಣಗಿದ ಹಣ್ಣಲ್ಲಿ ಸಿಹಿ ಗಟ್ಟಿಯಾಗಿ ಕೂತಿರುತ್ತೆ. ಹೊರಗಿನ ತೆಳುನೀರು ಸಿಪ್ಪೆ ದಾಟಿ ಅದರ ಹತ್ತಿರಾನೇ ಓಡುತ್ತೆ. ನೀನು ಹೊರಗೇ ಅಷ್ಟು ಸಿಹಿ ತುಂಬಿಟ್ರೆ, ನೀರು ಒಳಗ್ಯಾಕೆ ಹೋಗುತ್ತೆ?"

"ಹಾಗಾದ್ರೆ ಎಲ್ಲಾ ಹಾಳಾಯ್ತಾ?"

"ಅಳೋದು ಆಮೇಲೆ. ತೊಳಿ ಮೊದಲು!"

ಇಬ್ಬರೂ ಹಣ್ಣುಗಳನ್ನು ಮೂರು ಸಲ ತೊಳೆದರು. ಕಾಯಿಸಿ ಆರಿಸಿದ ಬರೀ ನೀರನ್ನು ಉಗುರುಬೆಚ್ಚಗೆ ಇರುವಾಗಲೇ ಸುರಿದು, ಬೋಗುಣಿಯನ್ನು ಒಲೆಯ ಪಕ್ಕಕ್ಕಿಟ್ಟರು. ಶಾಹ್‌ಪರಿ ನಮಾಜಿಗೆ ನಿಂತಳು. ದುವಾಗೆ ಎತ್ತಿದ ಕೈ ಇನ್ನೂ ಇಳಿದಿರಲಿಲ್ಲ, ಅಡುಗೆಮನೆಯಿಂದ ಕೂಗು ಬಂತು:

"ಬೀಬೀಜಾನ್! ದ್ರಾಕ್ಷಿ ಸುಕ್ಕು ಬಿಡ್ತಾ ಇದೆ!"

ಬೆಳಗಾಗುವಷ್ಟರಲ್ಲಿ ದ್ರಾಕ್ಷಿ ಗುಂಡಗಾಗಿತ್ತು, ಏಪ್ರಿಕಾಟ್‌ಗಳು ಕೆನ್ನೆಯಂತೆ ತುಂಬಿಕೊಂಡಿದ್ದವು. ಹಣ್ಣಿನ ಸಿಹಿಯೂ ಒಂದಿಷ್ಟು ಹೊರಬಂದು ನೀರು ಹೊಂಬಣ್ಣಕ್ಕೆ ತಿರುಗಿತ್ತು.

ಮಧ್ಯಾಹ್ನ ಹುಡುಗನ ತಾಯಿ ಒಂದು ಬಟ್ಟಲು ಕುಡಿದು, ಇನ್ನೊಂದಕ್ಕೆ ಕೈಚಾಚಿದಳು. "ಭಾರಿ ಸಿಹಿ! ಎಷ್ಟು ಸಕ್ಕರೆ ಹಾಕಿದೆಯಮ್ಮಾ?"

ಶಾಹ್‌ಪರಿ ಕೆಮ್ಮುತ್ತಾ ಗೋಡೆಯ ಕಡೆ ತಿರುಗಿದಳು. ಶಗೂಫಾ ಮಾತ್ರ ತಲೆಯೆತ್ತಿ ಹೇಳಿದಳು:

"ಒಂದು ಹರಳೂ ಇಲ್ಲ, ಖಾಲಾಜಾನ್. ಹಾಕಿದ್ರೆ ಹಣ್ಣು ಉಬ್ಬೋದೇ ಇಲ್ಲ!"