ನೂರಕ್ಕೆ ನೂರು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮೂರು ಆಸ್ಪತ್ರೆಗಳ ರೋಗಿಗಳ ವಿವರವನ್ನೆಲ್ಲ ಒಂದೇ ಕಂಪ್ಯೂಟರ್ ಜಾಲಕ್ಕೆ ತಂದ ಮಹಾಶಯರು. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಸಂಬಳ ತಿಂದರೂ ವಾರ್ಡಿಗೆ ಕಾಲಿಟ್ಟವರಲ್ಲ. ರೋಗಿಗಳ ವಾಸನೆ ಅವರಿಗೆ ಆಗಿಬರುವುದಿಲ್ಲವಂತೆ. ನಾನು ಅದೇ ಕಟ್ಟಡದಲ್ಲಿ ನರ್ಸ್. ಎದುರು ಸಿಕ್ಕರೆ ನನ್ನಿಂದಲೂ ಎರಡಡಿ ದೂರ ಸರಿಯುತ್ತಾರೆ.

ಶುರುವಿನಲ್ಲಿ ಅವರು ಚೀಟಿ ಬರೆಯುವ ಕಿಟಕಿಯ ಗುಮಾಸ್ತರು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ, ಅದನ್ನು ಒಪ್ಪಬೇಕು. ಕಂಪ್ಯೂಟರ್ ಬಂದದ್ದೇ ತಡ, ಅವರ ಕಾಲು ನೆಲಕ್ಕೆ ತಾಗಲಿಲ್ಲ.

ಜಾಲದ ಉದ್ದೇಶ ಒಳ್ಳೆಯದೇ. ಒಂದು ಆಸ್ಪತ್ರೆಯಲ್ಲಿ ಬರೆದದ್ದು ಇನ್ನೊಂದರ ವೈದ್ಯರಿಗೆ ಕಾಣಬೇಕು, ಸಂಶೋಧಕರಿಗೂ ಸಿಗಬೇಕು. ಆದರೆ ‘ಯಾವ ಔಷಧಿ ಒಗ್ಗುವುದಿಲ್ಲ?’ ಎಂಬ ಖಾನೆ ತುಂಬದೆ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ. ಹಳೆಯ ಕಡತಗಳನ್ನು ಓದಿ ತುಂಬಲು ವರ್ಷವಾದರೂ ಬೇಕು. ಭಾವ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದರು: ಎಲ್ಲರಿಗೂ ‘ಇಲ್ಲ’. ಖಾನೆಗಳು ಎಷ್ಟು ತುಂಬಿವೆ ಎಂದು ತೋರಿಸುವ ಪರದೆಯ ಪಟ್ಟಿ ನೂರಕ್ಕೆ ನೂರು ಹಸಿರಾಯಿತು. ಕಡತಗಳು ರದ್ದಿಗೆ ಹೋದವು.

“ಭಾವ, ಗೊತ್ತಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ ಅಲ್ವಾ?” ಅಂದೆ.

“ನೀನು ನಿನ್ನ ಇಂಜೆಕ್ಷನ್ ನೋಡ್ಕೊ. ಖಾನೆ ಖಾಲಿ ಬಿಟ್ರೆ ಮೇಲಿನವರಿಗೆ ಉತ್ತರ ಕೊಡೋದು ನಾನು.”

ಅದನ್ನೇ ನಂಬಿ ಸಂಶೋಧಕರು ಪ್ರಬಂಧ ಬರೆದರು: ನಲವತ್ತು ಸಾವಿರ ರೋಗಿಗಳಲ್ಲಿ ಪೆನಿಸಿಲಿನ್ ಒಗ್ಗದವರು ಒಬ್ಬರೂ ಇಲ್ಲವಂತೆ! ಬುದ್ಧಿ ಇದ್ದವರು ನಗಬೇಕಿತ್ತು. ಭಾವ ಅದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ವಾರಕ್ಕೊಮ್ಮೆ ಅದರ ಧೂಳು ಒರೆಸುವವಳು ಅಕ್ಕ. ಮದುವೆಯಾದ ವರ್ಷ ಅದೇ ಔಷಧಿಯಿಂದ ಅವಳ ಗಂಟಲು ಊದಿಕೊಂಡು, ಇನ್ನೇನು ಹೋದಳು ಅನ್ನುವಂತಾಗಿತ್ತು. ಆಗ ಅವಳ ಕಡತದ ಮೇಲೆ ಕೆಂಪು ಶಾಯಿಯಲ್ಲಿ ಎಚ್ಚರಿಕೆ ಬರೆದವರು ಇದೇ ಭಾವ, ಅದೇ ಮುತ್ತಿನಂಥ ಅಕ್ಷರದಲ್ಲಿ.

ಹೋದ ತಿಂಗಳು ಅಕ್ಕನ ಕಾಲಿನ ಗಾಯ ಕೀವಾಗಿ ಜ್ವರ ಏರಿತು. ಮಾತಾಡಲೂ ತ್ರಾಣವಿಲ್ಲ. ಮನೆಗೆ ಹತ್ತಿರವೆಂದು ಭಾವ ಅವಳನ್ನು ಜಾಲದ ಇನ್ನೊಂದು ಆಸ್ಪತ್ರೆಗೆ ಸೇರಿಸಿದರು. ನಾನು ಪಾಳಿ ಬಿಟ್ಟು ಓಡಿ ಬರುವ ಹೊತ್ತಿಗೆ ಸಿರಿಂಜ್ ತುಂಬಿಯಾಗಿತ್ತು. ವೈದ್ಯೆ ಭಾವನನ್ನು ಕೇಳುತ್ತಿದ್ದರು:

“ಪೆನಿಸಿಲಿನ್ ಕೊಡ್ತಿದೀವಿ. ಇವ್ರಿಗೆ ಯಾವುದಾದ್ರೂ ಔಷಧಿ ಆಗಲ್ವಾ?”

ಮಲಗಿದ್ದ ಹೆಂಡತಿಯ ಮುಖವನ್ನು ಆ ಮನುಷ್ಯ ನೋಡಲೇ ಇಲ್ಲ. ಮೇಜಿನ ಪರದೆಯತ್ತ ಬಗ್ಗಿ, “ಇಲ್ಲ ಅಂತಿದೆ ನೋಡಿ” ಅಂದರು. ದನಿಯಲ್ಲಿ ಹೆಮ್ಮೆ ಬೇರೆ!

“ಚುಚ್ಬೇಡಿ! ಸತ್ತೇ ಹೋಗ್ತಾಳೆ!” ಎಂದು ಬಾಗಿಲಿಂದಲೇ ಕಿರುಚಿದೆ. ವೈದ್ಯೆಯ ಕೈ ನಿಂತಿತು. ಬೇರೆ ಔಷಧಿ ಹಾಕಿದರು. ಭಾವನ ಮುಖ ನೋಡಲೂ ನನಗೆ ಅಸಹ್ಯವಾಯಿತು.

ಮೂರನೇ ದಿನ ಅಕ್ಕ ಎದ್ದು ಕುಳಿತಳು. ಭಾವ ಲ್ಯಾಪ್‌ಟಾಪ್ ತೆರೆದು, ದೊಡ್ಡ ಉಪಕಾರ ಮಾಡಿದವರಂತೆ, “ನಿನ್ನ ಖಾನೆ ಸರಿ ಮಾಡ್ಬಿಟ್ಟೆ ಕಣೇ” ಅಂದರು. ಉಳಿದ ನಲವತ್ತು ಸಾವಿರ ಜನರ ಮಾತೇ ಎತ್ತಲಿಲ್ಲ.

ಆಸ್ಪತ್ರೆಗೆ ಸೇರಿಸಿದ ದಿನ ಅಕ್ಕನಿಗೆ ಮಾತು ಹೊರಡದಿದ್ದರೂ ಕಿವಿ ನೆಟ್ಟಗಿತ್ತು.

“ಇನ್ನೊಂದು ತಪ್ಪು ಉಳಿದಿದೆ” ಅಂದಳು ಮೆಲ್ಲಗೆ. “ಗಂಡ ಅನ್ನೋ ಖಾನೆ ಇದ್ಯಲ್ಲ, ಅಲ್ಲಿ ‘ಇಲ್ಲ’ ಅಂತ ಹಾಕಿ. ಖಾಲಿ ಮಾತ್ರ ಬಿಡ್ಬೇಡಿ, ಪಟ್ಟಿ ಹಸಿರಾಗಲ್ಲ.”