ಪಾಸ್‌ಪೋರ್ಟ್ ಕೇಳುವ ದೇಶ

ನಮ್ಮ ಹಳೇಬೀಡು ಪರದೇಶದವರ ಪಾಲಿಗೆ ಅಗ್ಗದ ಫಾರಿನ್. ಈ ಮಾತನ್ನು ನನ್ನ ಮುಖಕ್ಕೇ ಹೇಳಿದವಳು ಬಿಳಿ ಕೂದಲಿನ ಒಬ್ಬ ಹೆಂಗಸು. ನಮ್ಮ ಹೈಸ್ಕೂಲಿನ ಮಕ್ಕಳನ್ನು ದೇವಸ್ಥಾನದ ಹುಲ್ಲಿನ ಮೇಲೆ ಸಾಲಾಗಿ ಕೂರಿಸಿ ಸಮಾಜ ಪಾಠ ಮಾಡುತ್ತಿದ್ದೆ. ಆಕೆ ಪಕ್ಕದಲ್ಲಿ ಬಂದು ಕೂತಳು. ತಾನೂ ಟೀಚರ್ ಆಗಿದ್ದವಳಂತೆ, ಈಗ ರಿಟೈರ್ ಆಗಿದ್ದಾಳಂತೆ, ಅವಳ ಪಿಂಚಣಿಯಲ್ಲಿ ಅವಳ ಊರಿನಲ್ಲಿ ನೆಟ್ಟಗೆ ಬದುಕುವುದು ಕಷ್ಟವಂತೆ. ಅದಕ್ಕೇ ವರ್ಷಕ್ಕೆ ನಾಲ್ಕು ತಿಂಗಳು ಈ ಕಡೆ ಬಂದುಬಿಡುತ್ತೇನೆ, ನಿಮ್ಮ ದೇಶ ತುಂಬ ಅಗ್ಗ ಎಂದಳು. ಪಾಪ, ಹೊಗಳಿದ ಹಾಗೆಯೇ ಹೇಳಿದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಇಪ್ಪತ್ತಾರು ವರ್ಷ ಗೋಡೆಗೆ ಮ್ಯಾಪು ನೇತುಹಾಕಿ ಕೋಲಿನ ತುದಿಯಿಂದ ದೇಶ ದೇಶ ತೋರಿಸಿದವಳು ನಾನು. ಆ ಕೋಲು ಮುಟ್ಟಿದ ಒಂದು ದೇಶಕ್ಕಾದರೂ ನಾನು ಕಾಲಿಟ್ಟಿರಲಿಲ್ಲ.

ಸಂಜೆ ಚಪ್ಪಲಿ ಬಿಡುವ ಮೊದಲೇ ಗಂಡನಿಗೆ ಹೇಳಿದೆ. "ರೀ, ನಾವೂ ಫಾರಿನ್‌ಗೆ ಹೋಗೋಣ. ನಮ್ಮ ಕೈಗೆಟುಕೋ ದೇಶ ಯಾವುದಿದೆ ನೋಡಿ."

ನನ್ನ ಗಂಡ ಬೇಲೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮುಂದಿನ ವರ್ಷಕ್ಕೆ ರಿಟೈರ್. ನಕ್ಕು ತಳ್ಳಿಹಾಕುತ್ತಾರೆ ಅಂದುಕೊಂಡಿದ್ದೆ, ಇಲ್ಲ. ಆ ವಾರವೇ ಹಾಸನದ ಒಂದು ಟ್ರಾವೆಲ್ಸ್‌ನಿಂದ ಬಣ್ಣಬಣ್ಣದ ಕಾಗದಗಳನ್ನು ತಂದು ಫೈಲಿಗೆ ಹಾಕಿದರು. ಸಂಜೆ ಬಸ್ತಿಹಳ್ಳಿಯವರೆಗೆ ವಾಕಿಂಗ್ ಹೋಗಿ, ಬಸದಿಯ ಕಲ್ಲುಗಟ್ಟೆಯ ಮೇಲೆ ಕೂತು ನಾವಿಬ್ಬರೂ ದೇಶಗಳನ್ನು ಹಸನು ಮಾಡತೊಡಗಿದೆವು. ಸಿಂಗಾಪುರದಲ್ಲಿ ಒಂದು ಕಾಫಿಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಇಬ್ಬರ ಊಟ ಆಗುತ್ತೆ, ಬೇಡ. ಥಾಯ್ಲೆಂಡ್ ಅಗ್ಗವೇ. ಆದರೆ ಇವರು, "ಅಲ್ಲಿಗೆ ಹೋಗ್ತೀನಿ ಅಂದ್ರೆ ಆಫೀಸಲ್ಲಿ ಎಲ್ಲಾ ಮುಸಿಮುಸಿ ನಗ್ತಾರೆ ಕಣೇ" ಎಂದು ಮುಖ ಕೆಂಪಗೆ ಮಾಡಿಕೊಂಡರು. ಕೊನೆಗೆ ಉಳಿದದ್ದು ಎರಡು: ನೇಪಾಳ ಮತ್ತು ಶ್ರೀಲಂಕಾ.

"ಲಂಕೆಲಿ ಏನೈತೆ? ಬರೀ ತೆಂಗಿನ ಮರ. ಅದನ್ನ ನೋಡೋಕೆ ಅರಸೀಕೆರೆ ಸಾಲ್ದಾ?" ಎಂದರು. ಆಮೇಲೆ ದನಿ ತಗ್ಗಿಸಿ, "ನೇಪಾಳಕ್ಕಾದ್ರೆ ಪಾಸ್‌ಪೋರ್ಟೇ ಬೇಡ. ವೋಟರ್ ಕಾರ್ಡ್ ತೋರ್ಸಿದ್ರೆ ಬಿಡ್ತಾರಂತೆ. ಸುಮ್ನೆ ಹೋಗಿ ಬರೋಣ" ಎಂದರು.

"ಪಾಸ್‌ಪೋರ್ಟ್ ಕೇಳದ ದೇಶ ಫಾರಿನ್ನೇ ಅಲ್ಲ" ಅಂದೆ.

ನಾನು ಯಾವುದರ ಬಗ್ಗೆ ಮಾತಾಡುತ್ತಿದ್ದೇನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಎರಡು ಹೆಸರು. ಒಂದು ಅಪ್ಪ ಇಟ್ಟದ್ದು. ಮಾರ್ಕ್ಸ್ ಕಾರ್ಡಿನಲ್ಲಿ, ಶಾಲೆಯ ಸರ್ವಿಸ್ ರಿಜಿಸ್ಟರಿನಲ್ಲಿ ಇರುವುದು ಅದೇ. ಇನ್ನೊಂದು ಮದುವೆಯ ದಿನ ಬಂದದ್ದು. ಹರಿವಾಣದಲ್ಲಿ ಅಕ್ಕಿ ಹರಡಿ, ಗಂಡನ ಕೈಗೆ ಉಂಗುರ ಕೊಟ್ಟು, ಆ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿದರು. ನಮ್ಮ ಕಡೆ ಕೆಲವು ಮನೆಗಳಲ್ಲಿ ಈ ಪದ್ಧತಿ ಇತ್ತು, ಹೊಸದೇನಲ್ಲ. ಆದರೆ ನನ್ನನ್ನು ಯಾರೂ ಮೊದಲೇ ಕೇಳಿರಲಿಲ್ಲ. "ಹಳೇ ಹೆಸ್ರು ಈ ಮನೇಲಿ ಬ್ಯಾಡ" ಎಂದವರು ನನ್ನ ಅತ್ತೆ. ಯಾಕೆ ಎಂದು ನನ್ನಪ್ಪ ಮೆತ್ತಗೆ ಕೇಳಿದರೆ, "ಆಗಿ ಬರಲ್ಲ" ಅಂದರಂತೆ, ಅಷ್ಟೆ. ರೇಷನ್ ಕಾರ್ಡಿಗೆ, ವೋಟರ್ ಪಟ್ಟಿಗೆ ಅಕ್ಕಿಯ ಹೆಸರೇ ಹೋಯಿತು. ಶಾಲೆಯ ಗೇಟಿನೊಳಗೆ ನಾನು ನಾನೇ. ಗೇಟು ದಾಟಿದರೆ ಇನ್ಯಾರೋ.

ವಿಚಿತ್ರವೆಂದರೆ ಅಷ್ಟು ಹಟ ಮಾಡಿ ಇಡಿಸಿದ ಹೆಸರನ್ನು ಅತ್ತೆ ಒಂದು ದಿನವೂ ಹಿಡಿದು ಕರೆಯಲಿಲ್ಲ. "ಏ ಹುಡುಗಿ" ಎನ್ನುವರು. ಐವತ್ತು ಹತ್ತಿರವಾದರೂ ನಾನು ಅವರಿಗೆ "ಏ ಹುಡುಗಿ"ಯೇ.

ಹಾಗಾಗಿ ನನಗೆ ಬೇಕಿದ್ದದ್ದು ಬರೀ ದೇಶ ಅಲ್ಲ. ಸರ್ಕಾರದ ಮುದ್ರೆ ಬಿದ್ದ ಒಂದು ಪುಸ್ತಕದಲ್ಲಿ ನನ್ನ ಹೆಸರು ಇರಬೇಕು, ಇನ್ನೊಂದು ದೇಶದವನು ಅದನ್ನು ಓದಿ ನನ್ನನ್ನು ಒಳಗೆ ಬಿಡಬೇಕು. ಲಂಕೆಯಲ್ಲಿ ಆಗ ಯುದ್ಧ ಸ್ವಲ್ಪ ನಿಂತಿತ್ತು. ಮದ್ರಾಸಿನಿಂದ ವಿಮಾನ ಹತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಲಂಬೊ. ಅನ್ನ, ಸಾರು, ತೆಂಗಿನಕಾಯಿ ಎಲ್ಲ ನಮ್ಮದೇ, ಖರ್ಚೂ ನಮ್ಮ ಅಳತೆಯದೇ. ಟ್ರಾವೆಲ್ಸ್‌ನವನು ಬೇಸಿಗೆ ರಜೆಯ ಗುಂಪಿನಲ್ಲಿ ಎರಡು ಸೀಟು ಹಿಡಿದಿಟ್ಟ. ಯುಗಾದಿಯೊಳಗೆ ಎರಡೂ ಪಾಸ್‌ಪೋರ್ಟು ತನ್ನ ಮೇಜಿಗೆ ಬಾರದಿದ್ದರೆ ಸೀಟು ಬೇರೆಯವರಿಗೆ ಎಂದ. ಹುಟ್ಟಿದ ಹೆಸರಿನಲ್ಲೇ ಅರ್ಜಿ ತುಂಬಿದೆ. ಗಂಡ ಪೆನ್ನು ಹಿಡಿದ ನನ್ನ ಕೈಯನ್ನೇ ನೋಡುತ್ತಿದ್ದರು, ಬೇಡ ಅನ್ನಲಿಲ್ಲ.

ಅವರ ಪಾಸ್‌ಪೋರ್ಟ್ ಬಂತು. ನನ್ನದರ ಬದಲು ಪಾಸ್‌ಪೋರ್ಟ್ ಆಫೀಸಿನ ಕಾಗದ ಬಂತು: ಪೊಲೀಸ್ ವಿಚಾರಣೆಯಲ್ಲಿ ಈ ವಿಳಾಸದಲ್ಲಿ ಈ ಹೆಸರಿನ ವ್ಯಕ್ತಿ ವಾಸವಿಲ್ಲವೆಂದು ತಿಳಿದುಬಂದಿರುತ್ತದೆ. ಕಾಗದ ಹಿಡಿದುಕೊಂಡೇ ಹೊರಗೆ ಓಡಿದೆ. ಪಕ್ಕದ ಮನೆಯವಳನ್ನು ಕೇಳಿದೆ. "ಹೌದು ಕಣ್ರೀ, ನೀವು ಸ್ಕೂಲಿಗೆ ಹೋಗಿದ್ದಾಗ ಒಬ್ರು ಪೊಲೀಸ್ನೋರು ಬಂದಿದ್ರು. ಯಾವುದೋ ಹೆಸ್ರು ಹೇಳಿ ಕೇಳಿದ್ರು. ಅಂಥೋರು ಯಾರೂ ಇಲ್ವಲ್ಲ ಅಂದೆ. ನಿಮ್ಮತ್ತೆನೂ ಜಗಲಿ ಮೇಲೇ ಕೂತಿದ್ರು" ಎಂದಳು. ಅವಳದ್ದೇನು ತಪ್ಪು? ಇಪ್ಪತ್ತು ವರ್ಷದಿಂದ ನೆರೆಯವಳು, ನನ್ನ ನಿಜವಾದ ಹೆಸರು ಅವಳಿಗೆ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು.

ಅತ್ತೆ ನಡುಮನೆಯಲ್ಲಿ ಅವರೆಕಾಳು ಹಿಸುಕುತ್ತಿದ್ದರು. ಎದುರಿಗೆ ಹೋಗಿ ನಿಂತೆ.

"ಅತ್ತೆ, ಪೊಲೀಸಿನವರು ಬಂದಾಗ ಏನಂದ್ರಿ?"

ಕೈ ನಿಲ್ಲಿಸಲಿಲ್ಲ. "ಆ ಹೆಸ್ರಿನೋಳು ಇದ್ಲು, ಈಗಿಲ್ಲ ಅಂದೆ."

"ಈಗಿಲ್ಲವಾ? ನಾನು ಸತ್ತುಹೋಗಿದ್ದೀನಾ?"

"ಸತ್ತೋಳು ನೀನು ಅಂತ ಯಾರಂದ್ರು?"

"ಮತ್ತೆ ಇನ್ಯಾರು? ಹೆಸರು ಕಿತ್ಕೊಂಡಿದ್ದು ಸಾಲ್ಲಿಲ್ವಾ ನಿಮಗೆ? ಪೊಲೀಸಿನವರ ಕೈಲಿ ಬರೆಸಿ ಮಣ್ಣು ಬೇರೆ ಮಾಡಿದ್ರಲ್ಲ!"

ನನ್ನ ದನಿ ಬೀದಿಯವರೆಗೂ ಹೋಗಿರಬೇಕು. ಗಂಡ ಓಡಿಬಂದು, "ಮೆತ್ತಗೆ ಕಣೇ, ಮೆತ್ತಗೆ" ಎಂದರು. ಅವರ ಮೇಲೂ ರೇಗಿದೆ. ಉಂಗುರ ಹಿಡಿದು ಬರೆದ ಕೈ ಅವರದ್ದೇ ತಾನೆ! ಅತ್ತೆ ಅವರೆಕಾಳಿನ ಬೋಗುಣಿಯನ್ನು ಪಕ್ಕಕ್ಕೆ ಸರಿಸಿ ಎದ್ದು ಹಿತ್ತಲಿಗೆ ಹೋದರು. ಮೂರು ದಿನ ನಾನು ಅವರ ತಟ್ಟೆಗೆ ಊಟ ಬಡಿಸಿದೆ, ಮಾತು ಬಡಿಸಲಿಲ್ಲ. ಸತ್ಯ ಹೇಳಬೇಕೆಂದರೆ ಆ ಮೂರು ದಿನ ಅವರನ್ನು ನಾನು ಮನಸಾರೆ ದ್ವೇಷಿಸಿದೆ.

ಯುಗಾದಿಗೆ ಒಂದೂವರೆ ತಿಂಗಳು ಮಾತ್ರ ಉಳಿದಿತ್ತು. ಗಂಡ ಬೇಲೂರಿನ ನೋಟರಿ ವಕೀಲರನ್ನು ವಿಚಾರಿಸಿಕೊಂಡು ಬಂದರು. ಎರಡೂ ಹೆಸರು ಒಬ್ಬಳದ್ದೇ ಎಂದು ಅಫಿಡವಿಟ್ ಮಾಡಿಸಬೇಕು. ಮದುವೆಯಲ್ಲಿ ಹೆಸರು ಬದಲಾಯಿಸಿದ್ದನ್ನು ಕಣ್ಣಾರೆ ಕಂಡ ಮನೆಯ ಹಿರಿಯರು ಸಹಿ ಹಾಕಿದರೆ ಗಟ್ಟಿ. ಅದೂ ಪೊಲೀಸಿನವರಿಗೆ ಇಲ್ಲ ಅಂದವರೇ ಇದ್ದಾಳೆ ಎಂದು ಬರೆದುಕೊಟ್ಟರೆ ಇನ್ನೂ ಗಟ್ಟಿ.

"ನೀನೇ ಕೇಳು" ಎಂದರು ಗಂಡ. ಅವರಿಗೆ ಧೈರ್ಯವಿರಲಿಲ್ಲ.

ಕೇಳಿದೆ. ಬೇಡಿಕೊಳ್ಳುವ ದನಿ ಬರಲಿಲ್ಲ, ಜಗಳದ ದನಿಯಲ್ಲೇ ಕೇಳಿದೆ. ಅತ್ತೆ ನನ್ನನ್ನು ಒಂದು ಗಳಿಗೆ ನೋಡಿ, "ಬತ್ತೀನಿ" ಎಂದರು. ಅಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಭಯ ಹುಟ್ಟಿಸಿತು. ವಕೀಲರ ಎದುರು ಕೂತು ಮತ್ತೆ "ಅವಳು ಈಗಿಲ್ಲ" ಅಂದುಬಿಟ್ಟರೆ? ಬೇಲೂರಿನ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತು ಹೊರಗೆ ನೋಡುತ್ತಲೇ ಇದ್ದರು.

ನೋಟರಿಯವರ ಕೋಣೆ ಕೋರ್ಟಿನ ಎದುರಿಗಿತ್ತು. ಟೈಪಿಸ್ಟ್ ಛಾಪಾ ಕಾಗದ ಏರಿಸಿಕೊಂಡು ಕೂತ. ವಕೀಲರು ಕನ್ನಡಕ ಸರಿಮಾಡಿಕೊಂಡು, "ಅಜ್ಜಿ, ನಿಮ್ಮ ಹೆಸರು ಹೇಳಿ" ಎಂದರು.

ಅತ್ತೆ ನನ್ನ ಹೆಸರು ಹೇಳಿದರು. ಅಪ್ಪ ಇಟ್ಟ ಹೆಸರು.

ಅತ್ತೆಯ ಬಾಯಲ್ಲಿ ಅದನ್ನು ನಾನು ಕೇಳಿದ್ದು ಅದೇ ಮೊದಲು. ವಕೀಲರು ತಾಳ್ಮೆಯಿಂದ, "ಅದು ನಿಮ್ಮ ಸೊಸೆ ಹೆಸರು ಅಜ್ಜಿ. ನಿಮ್ಮದು ಹೇಳಿ" ಎಂದರು.

ಅತ್ತೆ ಮತ್ತೆ ಅದನ್ನೇ ಹೇಳಿದರು.

ವಕೀಲರು ಪೆನ್ನು ಕೆಳಗಿಟ್ಟು ನನ್ನ ಗಂಡನ ಕಡೆ ತಿರುಗಿದರು. "ನೋಡಿ, ಅಜ್ಜಿಗೆ ಮರೆವು ಅಂದ್ರೆ ನಾನು ಸಹಿ ಹಾಕಿಸೋ ಹಾಗಿಲ್ಲ." ಮುಗಿಯಿತು ಅಂದುಕೊಂಡೆ. ಗಂಡ, "ಅಮ್ಮಾ, ನಿನ್ ಹೆಸ್ರು ಕಣಮ್ಮ, ನಿನ್ದು" ಎಂದು ಮಗುವಿಗೆ ಹೇಳಿಕೊಡುವಂತೆ ಹೇಳಿಕೊಡತೊಡಗಿದರು.

"ಮರೆವೂ ಇಲ್ಲ, ಮಣ್ಣೂ ಇಲ್ಲ" ಎಂದರು ಅತ್ತೆ. "ನಂದೇ ಹೇಳಿದ್ದು. ಜಾವಗಲ್ಲಲ್ಲಿ ನಮ್ಮವ್ವ ಅದೇ ಹೆಸ್ರಿಟ್ಟು ಕೂಗ್ತಿದ್ಲು. ಹನ್ನೆರಡು ವರ್ಸಕ್ಕೆ ಮದ್ವೆ ಮಾಡಿ ಈ ಮನೆಗೆ ತಂದ್ರು, ಅಕ್ಕಿ ಮೇಲೆ ಬೇರೆ ಬರ್ದ್ರು. ಆಮ್ಯಾಕೆ ಯಾರೂ ಕೂಗ್ಲಿಲ್ಲ."

ಟೈಪಿಸ್ಟನ ಕೈ ನಿಂತಿತ್ತು. ಐವತ್ತೇಳು ವರ್ಷದ ಮಗನಿಗೆ ಹೆತ್ತವಳ ಹೆಸರು ಗೊತ್ತಿರಲಿಲ್ಲ.

"ಸೊಸೆ ಅದೇ ಹೆಸ್ರು ಇಟ್ಕೊಂಡು ಬಂದ್ಲು. ಮನೇಲಿ ದಿನಾ ಎಲ್ಲಾ ಅವಳನ್ನ ಅದ್ರಲ್ಲೇ ಕೂಗ್ತಾರೆ, ನಾನು ಕೇಳ್ಕೊಂಡು ಕೂತಿರ್ಬೇಕು. ನನ್ನ ಕೈಲಿ ಆಗ್ಲಿಲ್ಲ ಸಾಮಿ. ಅದಕ್ಕೇ ಬ್ಯಾಡ ಅಂದೆ." ಆಮೇಲೆ ನನ್ನ ಕಡೆ ನೋಡದೆಯೇ, "ಪೊಲೀಸ್ನೋರು ಬಂದು ಆ ಹೆಸ್ರು ಕೇಳ್ದಾಗ ನನ್ನೇ ಹುಡ್ಕೊಂಡು ಬಂದವ್ರೆ ಅನ್ನಿಸ್ತು. ಇದ್ಲು, ಈಗಿಲ್ಲ ಅಂದೆ. ಇವಳ ನೆಪ್ಪೇ ಬರ್ಲಿಲ್ಲ" ಎಂದರು.

ನನಗೆ ಅಳು ಬಂತು. ಮೂರು ದಿನ ಮಾತು ಬಿಟ್ಟದ್ದಕ್ಕೆ ಬಂತೋ, ಇಪ್ಪತ್ತೆಂಟು ವರ್ಷ ಒಳಗೇ ಕುದಿದದ್ದಕ್ಕೆ ಬಂತೋ ಹೇಳಲಾರೆ. ಸಿಟ್ಟು ಪೂರ್ತಿ ಹೋಗಿತ್ತು ಎಂದು ಸುಳ್ಳು ಬರೆಯುವುದಿಲ್ಲ. ಅತ್ತೆಯಿಂದ ಯಾರೋ ಕಿತ್ತುಕೊಂಡರು, ಅತ್ತೆ ನನ್ನಿಂದ ಕಿತ್ತುಕೊಂಡರು. ನಮ್ಮನ್ನು ಒಂದು ಮಾತು ಕೇಳಿದ್ದರೆ ಇಬ್ಬರೂ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಹೊಟ್ಟೆ ಉರಿಯಿತು. ಆದರೂ ಅವರ ಕೈಯನ್ನು ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ವಕೀಲರು ಒಂದು ಲೋಟ ನೀರು ತರಿಸಿದರು. ರೇಷನ್ ಕಾರ್ಡ್ ನೋಡಿ ಅದರಲ್ಲಿದ್ದ ಹೆಸರನ್ನೇ ಅತ್ತೆಯದೆಂದು ಬರೆಸಿದರು, ಕಾನೂನಿಗೆ ಅದೇ ಸಾಕು. ನನ್ನ ಎರಡೂ ಹೆಸರು ಒಬ್ಬಳದ್ದೇ ಎಂದು ಅತ್ತೆ ಹೆಬ್ಬೆಟ್ಟು ಒತ್ತಿದರು. ಅದನ್ನು ಪಾಸ್‌ಪೋರ್ಟ್ ಆಫೀಸಿಗೆ ಕಳಿಸಿದೆವು, ಯುಗಾದಿಗೆ ನಾಲ್ಕು ದಿನ ಮುಂಚೆ ಪಾಸ್‌ಪೋರ್ಟ್ ಬಂತು. ಪೋಸ್ಟ್‌ಮ್ಯಾನ್ ಬೀದಿಯಲ್ಲಿ ನಿಂತು ನನ್ನ ಹೆಸರು ಕೂಗಿದ. ಜಗಲಿಯ ಮೇಲಿದ್ದ ಅತ್ತೆ, "ಇದೇ ಮನೆ, ಒಳಗವ್ಳೆ" ಎಂದರು.

ಹೊರಡುವ ದಿನ ಬೆಳಿಗ್ಗೆ ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ಬಸ್ಸು ಹಿಡಿಯಬೇಕಿತ್ತು, ಅಲ್ಲಿಂದ ರೈಲು. ನಾದಿನಿ ಬಂದು ಅತ್ತೆಯ ಜೊತೆಗಿದ್ದಳು. ಕಾಲು ಮುಟ್ಟಿ ನಮಸ್ಕಾರ ಮಾಡಿ, ಬ್ಯಾಗು ಹಿಡಿದು ಬೀದಿಗೆ ಇಳಿದೆವು. ನಾಲ್ಕು ಹೆಜ್ಜೆ ಹೋಗಿದ್ದೆವೋ ಇಲ್ಲವೋ, ಹಿಂದಿನಿಂದ ಅತ್ತೆ ಕೂಗಿದರು. ಹೊರಟವರನ್ನು ಹಿಂದಿನಿಂದ ಕೂಗಬಾರದು ಎಂದು ನಮಗೆಲ್ಲ ಹೇಳಿಕೊಟ್ಟವರೇ ಅವರು. ಕೂಗಿದ್ದು "ಏ ಹುಡುಗಿ" ಎಂದಲ್ಲ, ಆ ಹೆಸರಿನಲ್ಲಿ. ಇಡೀ ಬೀದಿಗೆ ಕೇಳಿಸುವ ಹಾಗೆ.

ಏನೋ ಮರೆತೆವು ಅಂದುಕೊಂಡು ಗಾಬರಿಯಿಂದ ತಿರುಗಿದೆ. "ಏನತ್ತೆ?"

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಏನಿಲ್ಲ ಕಣೇ, ಹೋಗಿ ಬಾ. ಸುಮ್ನೆ ಕೂಗಿ ನೋಡ್ದೆ."