ಏನೂ ಕೇಳಿಸದ ಡಬ್ಬಿ

ಮಾತಾಡುವಾಗ ಅವರು ಎದುರಿನವರ ಮುಖ ನೋಡುತ್ತಿರಲಿಲ್ಲ. ಕತ್ತನ್ನು ಬಲಕ್ಕೆ ತಿರುಗಿಸಿ, ಪಾಂಡವಪುರದ ಬಸ್ ನಿಲ್ದಾಣದ ಕಡೆ ಕಣ್ಣಿಟ್ಟು ನಿಲ್ಲುತ್ತಿದ್ದರು. ಬರಬೇಕಾದ ಯಾರನ್ನೋ ಕಾಯುತ್ತಿರುವಂತೆ ಕಾಣುತ್ತಿತ್ತು. ಕುರ್ಚಿಯಿದ್ದರೂ ಕೂರುತ್ತಿರಲಿಲ್ಲ. ಬೆಸುಗೆ ಹಾಕುವ ಕಡ್ಡಿ ತಗುಲಿ ತಗುಲಿ ಬಲಗೈಯ ಹೆಬ್ಬೆರಳು ಗೆರೆಯಿಲ್ಲದೆ ನುಣ್ಣಗಾಗಿತ್ತು.

ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ‘ಪೇಪರು’ ಎನ್ನುತ್ತಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ನಾನು ಮೈಸೂರಿನ ಒಂದು ಪತ್ರಿಕೆಗೆ ಪಾಂಡವಪುರದಿಂದ ಸುದ್ದಿ ಕಳಿಸುತ್ತಿದ್ದೆ. ಅವರದು ನಿಲ್ದಾಣದ ಎದುರು ರೇಡಿಯೊ, ಟೇಪ್ ರಿಪೇರಿಯ ಅಂಗಡಿ.

ಅವರ ಒಂದು ಪದ್ಧತಿ ಊರಿಗೆಲ್ಲ ತಮಾಷೆಯಾಗಿತ್ತು. ರಿಪೇರಿ ಮುಗಿದ ಮೇಲೆ ಹಾಡು ಹಾಕುತ್ತಿರಲಿಲ್ಲ. ಬರಿದೇ ವಾಲ್ಯೂಮನ್ನು ಪೂರ್ತಿ ತಿರುಗಿಸಿ, ದಾರಿಯಲ್ಲಿ ಹೋಗುವವರನ್ನು ಕರೆದು ಕಿವಿಗೆ ಹೆಡ್‌ಫೋನ್ ಇಡುತ್ತಿದ್ದರು. ಮೂರು ಜನ ‘ಏನೂ ಕೇಳಿಸಲಿಲ್ಲ’ ಎಂದಮೇಲೆಯೇ ಡಬ್ಬಿಗೆ ತಿರುಪು.

“ಏನೂ ಕೇಳ್ದೆ ಇರೋದ್ನ ಕೇಳ್ಸಾಕೆ ನಮ್ಮುನ್ ನಿಲ್ಲುಸ್ಕತೀಯಲ್ಲಣ್ಣ, ಬಸ್ಸು ಬುಟ್ಟೋಯ್ತದೆ” ಎಂದು ಜನ ಗೊಣಗುತ್ತಿದ್ದರು.

“ಬಸ್ಸು ಓದ್ರೆ ಇನ್ನೊಂದು ಬತ್ತದೆ ಬುಡ್ಲಾ. ಕಿವಿ ಕೊಡು.”

ಒಂದು ಸೋಮವಾರ ಬೆಳಿಗ್ಗೆ ನಾನು ಅವರ ಅಂಗಡಿಗೆ ಓಡಿದೆ. ಹಿಂದಿನ ವಾರ ಅಕ್ಕಿಹೆಬ್ಬಾಳಿನಲ್ಲಿ ನಾಲೆ ನೀರಿನ ಬಗ್ಗೆ ಸಭೆ ನಡೆದಿತ್ತು. ಕೊನೆಯ ಗದ್ದೆಗಳಿಗೂ ಹದಿನೈದು ದಿನದಲ್ಲಿ ನೀರು ಬರುತ್ತದೆ ಎಂದು ನೀರಾವರಿ ಅಧಿಕಾರಿ ಹೇಳಿದ್ದಾಗಿ ನಾನು ಬರೆದಿದ್ದೆ. ಅದನ್ನು ನಂಬಿ ಕೆಲವರು ಬೀಜ ಚೆಲ್ಲಿ ಭತ್ತದ ಸಸಿಯ ಒಟ್ಲು ಹಾಕಿದ್ದರು. ಅಧಿಕಾರಿ ತಾನು ಹಾಗೆ ಹೇಳಿಯೇ ಇಲ್ಲ ಎಂದರು. ಸಂಪಾದಕರು ಫೋನಿನಲ್ಲಿ, “ಟೇಪ್ ಇದೆಯಲ್ಲ, ಸಂಜೆಯೊಳಗೆ ತಂದು ಕೇಳಿಸಿ. ಇಲ್ಲದಿದ್ದರೆ ನಾಳೆಯಿಂದ ಸುದ್ದಿ ಕಳಿಸಬೇಡಿ” ಎಂದಿದ್ದರು.

ಟೇಪ್ ಇತ್ತು. ಆದರೆ ನಾನು ಸಭೆಯ ಹಿಂದೆ ಕೂತಿದ್ದೆ. ಗಾಳಿ, ಪಂಪ್‌ಸೆಟ್ಟಿನ ಸದ್ದಿನ ನಡುವೆ ಮಾತು ಎಲ್ಲೋ ದೂರದಲ್ಲಿತ್ತು. ಸಣ್ಣ ದನಿಯನ್ನು ಹಿಗ್ಗಿಸಿ ಹೆಡ್‌ಫೋನಿಗೆ ಕೊಡುವ ಆಂಪ್ಲಿಫೈಯರ್ ಬೇಕಿತ್ತು. ಮೈಸೂರಿನ ಅಂಗಡಿಯಲ್ಲಿ ಕಂಡಿದ್ದ ವಿದೇಶಿ ಪೆಟ್ಟಿಗೆ ನನ್ನ ಕೈಗೆ ಎಟುಕುವಂಥದಲ್ಲ. ಅಣ್ಣನ ಮೇಜಿನ ಮೇಲೆ ಅವರೇ ಕಟ್ಟಿದ ಎರಡಿದ್ದವು: ಕರೆಂಟಿನಲ್ಲಿ ನಡೆಯುವ ತಗಡಿನ ಡಬ್ಬಿ ಒಂದು, ಬ್ಯಾಟರಿ ಹಾಕಿದ ಸೋಪಿನ ಡಬ್ಬಿ ಇನ್ನೊಂದು.

ತಗಡಿನ ಡಬ್ಬಿಗೆ ಸಿಕ್ಕಿಸಿ ಕೇಳಿದೆ. ಹದಿನೈದು ದಿನದ ಮಾತು ದಪ್ಪಗೆ ಕಿವಿ ತುಂಬಿತು. ಹಿಂದೆ ಗುಂಯ್ ಎನ್ನುವ ಸದ್ದಿತ್ತು, ನನಗೆ ಅದು ಬೇಡದ ವಿಚಾರ.

“ಇದೇ ಸಾಕಣ್ಣ. ಜೋರಾಗಿದೆ. ಹನ್ನೊಂದರ ಬಸ್ಸಿಗೆ ಹೋಗಬೇಕು.”

“ಜೋರು ಬ್ಯಾರೆ, ಚೊಕ್ಕ ಬ್ಯಾರೆ ಕಣ್ಲಾ ಪೇಪರು. ಆ ಗುಂಯ್ ಐತಲ್ಲ, ಅದು ಸಣ್ಣ ಸಣ್ಣವೆಲ್ಲ ನುಂಗಾಕ್ಬುಡ್ತದೆ. ತಡಿ.”

ಸೋಪಿನ ಡಬ್ಬಿಗೆ ಹೊಸ ಬ್ಯಾಟರಿ ಹಾಕಿ ರಸ್ತೆಗಿಳಿದರು. ನಾನು ಗಡಿಯಾರ ನೋಡುತ್ತ ಬಾಗಿಲಿಗೂ ಮೇಜಿಗೂ ಅಲೆದಾಡಿದೆ. ಹಾಲಿನ ಕ್ಯಾನಿನವನು ಏನೂ ಕೇಳಿಸಲಿಲ್ಲ ಎಂದ. ಬೂಕನಕೆರೆ ಕಡೆಯಿಂದ ಬಂದಿದ್ದ ಹೆಂಗಸೊಬ್ಬರು, “ನನ್ನೇನು ಕಿವುಡಿ ಮಾಡೀಯೇನಪ್ಪ, ಯಾವ್ ಸದ್ದೂ ಇಲ್ಲ” ಎಂದರು. ಮೂರನೆಯವನು ನಾನು. ವಾಲ್ಯೂಮ್ ಪೂರ್ತಿ ಇದ್ದರೂ ಒಳಗೆ ಸದ್ದಿರಲಿಲ್ಲ.

ಆಮೇಲೆ ಟೇಪ್ ಹಾಕಿದರು. ಅದಕ್ಕೇ ಜೋಡಿಸಿದ್ದ ಇನ್ನೊಂದು ಹೆಡ್‌ಫೋನಿನ ಒಂದು ಬಟ್ಟಲನ್ನು ತಮ್ಮ ಬಲಗಿವಿಗೆ ಒತ್ತಿಕೊಂಡರು.

ದನಿ ಮೊದಲಿಗಿಂತ ಸಣ್ಣದಾಗಿತ್ತು, ಆದರೆ ಗಾಳಿ ಬೇರೆ, ಪಂಪ್ ಬೇರೆ, ಮಾತು ಬೇರೆಯಾಗಿ ಕೇಳಿತು. ‘ಹದಿನೈದು ದಿನ’ ಎನ್ನುವ ಮಾತು ನಡೆಯುತ್ತಿರುವಾಗಲೇ ಆ ದನಿಯ ಪಕ್ಕದಲ್ಲಿ ಯಾರೋ ಕೆಮ್ಮಿದರು. ಉಬ್ಬಸದವರ ಉದ್ದದ, ಎಳೆದ ಕೆಮ್ಮು. ಸಭೆಯುದ್ದಕ್ಕೂ ಹಾಗೆ ಕೆಮ್ಮುತ್ತಿದ್ದವರು ಆ ಅಧಿಕಾರಿ ಒಬ್ಬರೇ. ಕೆಮ್ಮುತ್ತಲೇ ಮಾತಾಡಲು ಯಾರಿಗೂ ಆಗುವುದಿಲ್ಲ. ಭರವಸೆ ಕೊಟ್ಟದ್ದು ಅವರ ಪಕ್ಕದಲ್ಲಿ ಕೂತಿದ್ದ ಊರಿನ ಯಜಮಾನರು, ದನಿಯ ಗುರುತು ಈಗ ಸಿಕ್ಕಿತು. ನಾನು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದೆ, ಯಾರ ಬಾಯಿ ಆಡುತ್ತಿದೆ ಎಂದು ನೋಡಿರಲಿಲ್ಲ.

“ಏನ್ ಕೇಳ್ಸ್ತು?” ಎಂದರು ಅಣ್ಣ, ರಸ್ತೆ ನೋಡುತ್ತ.

ತಗಡಿನ ಡಬ್ಬಿ ಅಲ್ಲೇ ಇತ್ತು. ಅದನ್ನು ಒಯ್ದರೆ ಸಂಪಾದಕರಿಗೆ ಆ ಕೆಮ್ಮು ಕೇಳುತ್ತಿರಲಿಲ್ಲ. ಆದರೆ ಅಣ್ಣನ ಕಿವಿಗೆ ಬಿದ್ದಿದೆಯಲ್ಲ ಎಂದುಕೊಂಡೆ.

“ಕೆಮ್ಮು ಕೇಳಿಸ್ತಣ್ಣ. ಅಧಿಕಾರಿ ಹೇಳಿದ್ದಲ್ಲ. ತಪ್ಪು ನಂದು.”

ಅವರು ತಲೆಯಾಡಿಸಿ ಸೋಪಿನ ಡಬ್ಬಿಗೆ ತಿರುಪು ಹಾಕಿದರು. “ಅಂಗಾರೆ ಅದ್ನೇ ಬರಿ. ಬಸ್ಸು ನಿಂತದೆ, ಓಡು.”

ಬಸ್ಸಿನಲ್ಲೇ ತಿದ್ದುಪಡಿ ಬರೆದೆ. ಸಂಪಾದಕರು ಓದಿ, “ಇನ್ನು ಮೇಲೆ ಮುಖ ನೋಡಿ ಬರೆದುಕೊಳ್ಳಿ” ಎಂದರು, ಕೆಲಸ ಉಳಿಯಿತು. ಮಾರನೆಯ ದಿನ ಅಕ್ಕಿಹೆಬ್ಬಾಳಿಗೆ ಹೋಗಿ ಒಟ್ಲು ಹಾಕಿದವರ ಮುಂದೆ ನಿಂತೆ. “ನಿನ್ ಪೇಪರ್ ನೆಚ್ಕಂಡು ಬೀಜ ಚೆಲ್ದೊ ಕಣಪ್ಪ” ಎಂದರು ಒಬ್ಬರು.

ಕೆಲವು ವರ್ಷಗಳ ಮೇಲೆ ಅಣ್ಣ ತೀರಿಕೊಂಡರು. ತಿಥಿಗೆ ಹೋದಾಗ ನಾನು ಆ ದಿನದ ಕತೆಯನ್ನು ಅವರ ಹೆಂಡತಿಗೆ ಹೇಳಿದೆ. ಅಂಥ ಸಣ್ಣ ಕೆಮ್ಮನ್ನೂ ಬಿಡದ ಕಿವಿ ಅವರದು ಎಂದೆ.

ಆಕೆ ನನ್ನ ಮುಖವನ್ನೇ ನೋಡಿದರು. “ನಮ್ ಯಜಮಾನ್ರಿಗೆ ಬಲಗಿವಿ ಸಣ್ಣುಡ್ಗುನ್ನಿಂದ್ಲೂ ಕೇಳ್ತಿರ್ನಿಲ್ಲ ಕಣಣ್ಣ. ಎಡಗಿವೀಲೂ ಅರ್ಧಂಬರ್ದ. ಅದುಕ್ಕೇಯ ಓಗೋರ್ ಬರೋರ್ನೆಲ್ಲ ಕರ್ದು ಕೇಳ್ಸ್ತಿದ್ರು. ನಿಮ್ಗ್ ಗೊತ್ತಿರ್ನಿಲ್ವ?”

ಗೊತ್ತಿರಲಿಲ್ಲ. ಅಣ್ಣ ರಸ್ತೆ ನೋಡುತ್ತಿದ್ದಾರೆಂದು ನಾನು ತಿಳಿದಿದ್ದಾಗಲೆಲ್ಲ ಎಡಗಿವಿ ನನ್ನ ಕಡೆಗಿತ್ತು. ಬಲಗಿವಿಗೆ ಬಟ್ಟಲು ಒತ್ತಿಕೊಂಡಿದ್ದ ಆ ಸೋಮವಾರ ಅವರಿಗೆ ಕೆಮ್ಮು ಕೇಳಿಸಿರಲಿಲ್ಲ. ಕೇಳಿಸಿದೆ ಎಂದುಕೊಂಡೇ ನಾನು ನಿಜ ಹೇಳಿದ್ದೆ. ಅವರು ನನ್ನ ಮಾತನ್ನು ನಂಬಿ ತಿರುಪು ಹಾಕಿದ್ದರು.